ಮೆಟ್ಟಿಲ ಮೇಲೆ ನಿಂತವಳು

ಹಲೋ... ಯಾರು ಮಾತಾಡ್ತಿರೋದು?

... ಹಾಂ? ಏನಂತ ಕರೆದ್ರಿ?... ಗೆದ್ದಲು. ಪುಸ್ತಕ ತಿನ್ನೋಳು ಅಂತ ಶಾಲೇಲಿ ಇಟ್ಟ ಆ ಹೆಸರಲ್ಲಿ ನನ್ನ ಯಾರೂ ಕರೆಯದೆ ಎಷ್ಟೋ ವರ್ಷ ಆಯ್ತು. ಕ್ಲಾಸ್ ಲೀಡರ್ ಅಲ್ವಾ ನೀನು? ನನ್ನ ನಂಬರ್ ಯಾರು ಕೊಟ್ರು?

... ಇಲ್ಲ, ಫೋನ್ ಇಡಲ್ಲ. ಪ್ರೆಸ್ಸಲ್ಲಿದ್ದೀನಿ, ಪ್ರೂಫ್ ನೋಡ್ತಿದ್ದೆ. ಹೇಳು, ಏನು ವಿಷಯ?

... ಮಗಳಾ? ಎಷ್ಟನೇ ಕ್ಲಾಸು?... ಊಟಕ್ಕೆ ಬಿಟ್ಟಾಗಲೂ ಲೈಬ್ರರಿಯಿಂದ ಹೊರಗೆ ಬರಲ್ವಾ? ಹೇಗೆ ಬರ್ತಾಳೆ, ನಲ್ಲಿ ಹತ್ರ ಗೇಲಿ ಮಾಡೋಕೆ ಕಾಯ್ತಾ ನಿಂತಿರ್ತಾರಲ್ಲ... ಯಾರು ಅಂತ ನನ್ನ ಕೇಳ್ತೀಯಾ? ನನಗೆ ಕಾಯ್ತಾ ನಿಂತಿರ್ತಿದ್ದೋಳು ನೀನು. ನಿನಗೇ ಗೊತ್ತಿರಬೇಕು.

... ಅಳಬೇಡ ಕಣೇ. ನಾನು ಹೇಗೆ ತಡ್ಕೊಂಡೆ ಅಂತ ಕೇಳೋಕೆ ಫೋನ್ ಮಾಡಿದ್ಯಾ?

... ಏನು? ಪುಸ್ತಕ ಎಲ್ಲಾ ಕಿತ್ಕೊಂಡ್ಯಾ? ಅದನ್ನ ಓದಿ ಓದಿನೇ ಹೀಗಾದ್ಲು ಅಂತಾನಾ? ಅಯ್ಯೋ ಪುಣ್ಯಾತ್ಗಿತ್ತಿ, ಕೊಡೆಯಿಂದಲೇ ಮಳೆ ಬಂತು ಅಂತ ಕೊಡೆ ಮುರಿದ ಹಾಗಾಯ್ತು.

... ಓದ್ತಾ ಇದ್ದದ್ದನ್ನೂ? ಅರ್ಧಕ್ಕೇ?... ನೀನು ಆಗ ನನ್ನ ಪುಸ್ತಕದ ಕೊನೇ ಹಾಳೆಗಳನ್ನ ಹರಿದು ಚರಂಡಿಗೆ ಹಾಕಿದ್ದೆ, ನೆನಪಿದೆಯಾ?... ಹೂಂ, ತಮಾಷೆಗೆ. ಆ ಕಥೆಯಲ್ಲಿ ಒಂದು ಹುಡುಗಿ ದೀಪ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತಿದ್ಲು. ಮೇಲಿಂದ ಯಾರೋ ಕೂಗಿದ್ರು. ನನಗೆ ಸಿಕ್ಕಿದ್ದು ಅಷ್ಟೇ. ಆಮೇಲೆ ಎಷ್ಟು ಹುಡುಕಿದ್ರೂ ಆ ಪುಸ್ತಕದ ಇನ್ನೊಂದು ಪ್ರತಿ ಸಿಗಲಿಲ್ಲ. ಅವಳು ಇನ್ನೂ ನಿಂತೇ ಇದ್ದಾಳೆ ಕಣೇ. ಕಣ್ಣು ಮುಚ್ಚಿದ್ರೆ ಬರ್ತಾಳೆ, ಹತ್ತಲಾ ಇಳಿಯಲಾ ಅಂತ ಕೇಳ್ತಾಳೆ. ಏನು ಹೇಳಲಿ ನಾನು?

... ಕ್ಷಮೆ ಆಮೇಲೆ ಕೇಳುವಿಯಂತೆ. ಮಗಳೆಲ್ಲಿ ಈಗ?... ಬೆಳಗ್ಗೆಯಿಂದ ಚಿಲಕ ಹಾಕ್ಕೊಂಡಿದ್ದಾಳಾ? ಕರೆದ್ರೆ ಓ ಅನ್ನಲ್ವಾ?... ಇದನ್ನ ಮೊದಲು ಹೇಳಬಾರದಾ? ಅವಳು ಅರ್ಧ ಓದಿದ್ದ ಪುಸ್ತಕ ಎಲ್ಲಿ?... ಬೀರುವಿಂದ ತೆಗೆದು ತಾ, ಓಡು.

... ತಂದ್ಯಾ? ಬಾಗಿಲ ಕೆಳಗಿಂದ ಒಳಗೆ ತಳ್ಳು. ಈಗ ಫೋನನ್ನ ಬಾಗಿಲಿಗೆ ಹಿಡಿ, ಅವಳಿಗೆ ಕೇಳೋ ಹಾಗೆ. ನೀನು ಮಧ್ಯೆ ಬಾಯಿ ಹಾಕಬೇಡ.

... ಮಗೂ, ನಾನು ನಿಮ್ಮಮ್ಮನ ಜೊತೆ ಓದಿದೋಳು. ಜೊತೆ ಅಂದ್ರೆ... ಅದೇ ಕ್ಲಾಸಲ್ಲಿ ಇದ್ದೋಳು. ನೀನು ಮಾತಾಡಬೇಕಾಗಿಲ್ಲ. ನಾನೂ ಲೈಬ್ರರಿ ಕಪಾಟಿನ ಸಂದಿಯಲ್ಲಿ ಕೂತೇ ಶಾಲೆ ಮುಗಿಸಿದ್ದು. ಹೊರಗೆ ಗೇಲಿ ಮಾಡೋರ ನಗು ಕೇಳಿಸಿದ್ರೆ ಬೇಗ ಬೇಗ ಪುಟ ತಿರುಗಿಸ್ತಿದ್ದೆ.

... ಹಾಂ? ಸ್ವಲ್ಪ ಜೋರಾಗಿ ಹೇಳಮ್ಮ... ದೊಡ್ಡೋಳಾದ ಮೇಲೆ ಭಯ ಹೋಯ್ತಾ ಅಂತಲಾ?

... ಪೂರ್ತಿ ಹೋಗಿಲ್ಲ ಮಗೂ. ನಿನಗೆ ಸುಳ್ಳು ಹೇಳಲ್ಲ. ಈಗಲೂ ಗೋಡೆಗೆ ಬೆನ್ನು ಕೊಟ್ಟೇ ಓದೋದು. ಆದ್ರೆ ಓದ್ತೀನಿ. ಬದುಕಿದ್ದೀನಿ ನೋಡು.

... ಪುಸ್ತಕ ಕೈಗೆ ಬಂತಾ? ಎಲ್ಲಿಗೆ ಬಿಟ್ಟಿದ್ಯೋ ಅಲ್ಲಿಂದ ನನಗೊಂದು ಸಾಲು ಓದಿ ಹೇಳ್ತೀಯಾ?

... ಹೂಂ... ಹೂಂ... ಆಮೇಲೆ?

... ಯಾಕೆ ನಿಲ್ಲಿಸಿದೆ? ಏನದು ಸದ್ದು, ಚಿಲಕದ್ದಾ?... ಮಗೂ?... ಹಲೋ?... ಬಾಗಿಲು ತೆಗೆದ್ಲೇನೇ?... ಹಲೋ...