ತಲೆಗೆ ಎಪ್ಪತ್ತೈದು ಕಿಲೋ

...ಕೂತ್ಕೋ ಅಂತ ನಾನೇನೂ ಅನ್ನಲಿಲ್ಲ. ಕೂತ್ಬಿಟ್ಟಿದೀಯ, ಇರ್ಲಿ. ಆ ಹೂವು ಹಣ್ಣಿನ ಚೀಲ ಮಾತ್ರ ಒಳಕ್ಕೆ ತರಬೇಡ. ಜಗಲಿ ಮೇಲೇ ಇರ್ಲಿ. ಹೋಗೋವಾಗ ಎತ್ಕೊಳ್ಳೋಕೆ ಸಲೀಸು.

ಯಾಕೋ ಹಂಗೆ ನೋಡ್ತೀಯ, ನಾಗಕುಮಾರ? ಹೆಣ್ಣು ಕೇಳೋಕೆ ಬಂದಿದೀಯ. ಗೊತ್ತು. ಅಕ್ಕನ ಮಗಳು, ಸೋದರಮಾವನಿಗೇ ಮೊದಲ ಹಕ್ಕು. ಶೀಲಾವತಿ ಬದುಕಿದ್ದಾಗ ಅವಳ ಬಾಯಲ್ಲೂ ಅದೇ. ಜಯಮಾಲಾ ನನ್ನ ತಮ್ಮನಿಗೇ, ಜಯಮಾಲಾ ನನ್ನ ತಮ್ಮನಿಗೇ... ಆ ಮಾತು ಮುಗಿಸೋಣ ಅಂತಲೇ ಅಲ್ವಾ ಹೋದ ವರ್ಷ ನನ್ನ ನೀನಿದ್ದ ಆ ಲಡಾಖಿಗೆ ಅವಳು ಎಳ್ಕೊಂಡು ಬಂದಿದ್ದು? ಟಿಕೆಟ್ ಕಳಿಸಿದೋನು ನೀನು. ಹೋದೋರು ಇಬ್ಬರು. ವಾಪಸ್ ಬಂದೋನು ಒಬ್ಬ.

ಜಯಮಾಲಾ ಒಳಗೇ ಅವಳೆ. ಅಡುಗೆಮನೇಲಿ. ಹೊತ್ತು ಮುಳುಗೋದ್ರೊಳಗೆ ಉಣ್ಣಬೇಕಲ್ಲ, ಬೇಯಿಸ್ತಾ ಅವಳೆ. ನಿನಗೆ ಬಡಿಸಲ್ಲ ಅಂದಿದಾಳೆ. ಬಾಗಿಲು ತೆಗೆದೇ ಐತೆ, ಎಲ್ಲಾ ಕೇಳಿಸ್ತದೆ. ಕೇಳಿಸ್ಲಿ. ಇನ್ನೇನಂದ್ಲು ಗೊತ್ತಾ? ಅವ್ವನ ಹೆಸರು ಓದಿ ಅವ್ವನ್ನ ಅಲ್ಲೇ ಉಳಿಸಿದೋನ ಕೈ ಹಿಡಿಯೋಕಿಂತ ಬಸದೀಲಿ ಕಸ ಗುಡಿಸ್ಕೊಂಡಿರ್ತೀನಿ ಅಂದ್ಲು. ನಾನು ಹೇಳಿಕೊಟ್ಟ ಮಾತಲ್ಲ ಅದು.

ಏನು, ನಗ್ತೀಯಾ? ...ನಗಲಿಲ್ವಾ? ಹಂಗಾದ್ರೆ ಬಾಯಿ ಯಾಕೆ ಸೊಟ್ಟಗಾಯ್ತು?

ಕೇಳು. ನಾನು ಓದಿದ್ದು ಮೂರನೇ ಕ್ಲಾಸು. ಆದ್ರೆ ತೂಕ ಗೊತ್ತು. ಅರಸೀಕೆರೆ ಕೊಬ್ಬರಿ ಮಂಡೀಲಿ ಇಪ್ಪತ್ತೆಂಟು ವರ್ಷದಿಂದ ತಕ್ಕಡಿ ಹಿಡಿದೋನು. ಚೀಲ ಎತ್ತಿದ್ರೆ ಸಾಕು, ಕಾಲು ಕಿಲೋ ಆಚೀಚೆ ಇಲ್ದಂಗೆ ಹೇಳ್ತೀನಿ. ನೀನೂ ತೂಕದೋನೇ. ವಿಮಾನದ ಕಂಪನೀಲಿ ತೂಕ ಬರೆಯೋ ಗುಮಾಸ್ತ. ಪ್ಯಾಂಟು ಬೂಟು ಹಾಕಿದ ತೂಕದೋನು. ಎಂಥಾ ತೂಕನೋ ನಿಂದು? ಅಲ್ಲಿ ಮನುಷ್ಯರನ್ನ ನಿಲ್ಲಿಸಿ ತೂಗೋದೇ ಇಲ್ಲ! ತಲೆಗೆ ಎಪ್ಪತ್ತೈದು ಕಿಲೋ. ಬರಕೋ. ಆ ದಾಂಡಿಗ ಮಿಲಿಟರಿಯವನೂ ಎಪ್ಪತ್ತೈದು, ನನ್ನ ಶೀಲಾವತೀನೂ ಎಪ್ಪತ್ತೈದು. ನಲವತ್ತೆರಡು ಕಿಲೋ ಇದ್ಲು ಕಣೋ ಅವಳು. ಸೀರೆ, ಸ್ವೆಟರು, ಎಲ್ಲಾ ಸೇರಿ. ನಮ್ಮ ಮಂಡೀಲಿ ಹಿಂಗೆ ತೂಗಿದ್ರೆ ರೈತರು ಹಿಡಿದು ಕಂಬಕ್ಕೆ ಕಟ್ತಿದ್ರು.

ಆವತ್ತು ಬೆಳಿಗ್ಗೆ ಏನಂದೆ ನೀನು? ದೊಡ್ಡ ವಿಮಾನ ಬರಲ್ಲ ಭಾವ, ಬದಲಾಯಿಸಿದಾರೆ, ಸಣ್ಣದು ಬತ್ತದೆ. ಬಂತು. ತಡವಾಗಿ ಬಂತು. ಬಿಸಿಲೇರಿತ್ತು. ಅಷ್ಟು ಎತ್ತರದಾಗೆ ಗಾಳಿ ಮೊದಲೇ ತೆಳು, ಬಿಸಿಲೇರಿದ್ರೆ ಇನ್ನೂ ತೆಳು, ರೆಕ್ಕೆಗೆ ಆತುಕೊಳ್ಳೋಕೆ ಏನೂ ಸಿಗಲ್ಲ ಅಂದೆ. ಗಾಳಿ ತೆಳುವಂತೆ! ಮಜ್ಜಿಗೆ ಏನೋ ಅದು? ಆಮೇಲೆ ದಾರೀನೂ ಬದಲಾಯಿಸಿದ್ರಿ. ದಿಲ್ಲಿಗೆ ಹೋಗಲ್ಲ, ಚಂಡೀಗಢಕ್ಕೆ ಇಳಿಸ್ತೀವಿ. ಹತ್ರ. ಎಣ್ಣೆ ಕಮ್ಮಿ ಸಾಕು, ಎಣ್ಣೇನೂ ತೂಕವೇ. ಅಷ್ಟೆಲ್ಲ ಮಾಡಿದ್ರೂ ಹನ್ನೊಂದು ಜನ ಹತ್ತದೆ ಉಳೀಬೇಕು ಅಂದೆ.

ಹಗರೆ ಹನುಮಯ್ಯನ ಟೆಂಪೋ ನೀನೂ ಹತ್ತಿದೀಯ. ಏರು ಬಂದ್ರೆ, ನಾಲ್ಕು ಜನ ಇಳೀರಪ್ಪ ಅಂತಾನೆ. ಇಳಿದು ನಡೀತೀವಿ. ಅವನು ಏರು ಹತ್ತಿಸಿ, ಮೇಲೆ ನಿಲ್ಲಿಸಿ, ಬೀಡಿ ಹಚ್ಕೊಂಡು ಕಾಯ್ತಾನೆ. ಎಲ್ಲಾ ಹತ್ತಿದ ಮೇಲೇ ಹೊರಡೋದು. ನಿಮ್ಮ ವಿಮಾನ ಎಲ್ಲಿ ನಿಂತಿತ್ತೋ? ಯಾವ ಮೋಡದ ಮೇಲೆ ನಿಂತು ಕಾದಿತ್ತು, ಹೇಳು!

ಚೀಟಿ ಹಿಡ್ಕೊಂಡು ಹನ್ನೊಂದು ಹೆಸರು ಓದ್ದೆ. ಹನ್ನೊಂದನೇದು ಅವಳದು. ಸ್ವಂತ ಅಕ್ಕನದು! ನಾನು ಆಗಲೇ ಒಳಗೆ ಕೂತಿದ್ದೆ. ಬೆಲ್ಟು ಕಟ್ಟಿದ್ರು. ಇಳಿಯೋಕೆ ಬಿಡ್ಲಿಲ್ಲ. ಊರಿಗೆಲ್ಲ ಹೇಳಿದೀನಿ ಇದನ್ನ. ಬಸದಿ ಮುಂದೆ ಹೇಳಿದೀನಿ, ಮಂಡೀಲಿ ಹೇಳಿದೀನಿ. ಕಿಟಕಿಯಿಂದ ನೋಡ್ದೆ. ನಿನ್ನ ಪಕ್ಕ ನಿಂತಿದ್ಲು. ಬಾಯಿಗೆ ಸೆರಗು ಹಿಡ್ಕೊಂಡು ಕೆಮ್ತಾ ಇದ್ಲು...

ಏನು?

ಇಲ್ಲ. ಕೆಮ್ಮು ಆಮೇಲೆ ಬಂದಿದ್ದು. ಅವತ್ತಲ್ಲ. ...ಹಿಂದಿನ ದಿನ ಸ್ವಲ್ಪ ಇತ್ತು. ಇತ್ತಪ್ಪ, ಸ್ವಲ್ಪ ಇತ್ತು. ಆ ಚಳೀಲಿ ಯಾರು ಕೆಮ್ಮಲ್ಲ? ನನಗೂ ಎದೆ ಹಿಡ್ಕೊಂಡಿತ್ತು. ಯಾರಾದ್ರೂ ಕೇಳಿದ್ರಾ? ನಿದ್ದೆ ಇಲ್ಲ. ಎದೆ ಮೇಲೆ ಎರಡು ಚೀಲ ಕೊಬ್ಬರಿ ಹೇರಿದಂಗೆ. ಇಲ್ಲೇ ಸಾಯ್ತೀನಿ ಅನ್ನಿಸ್ತಿತ್ತು. ಆ ಬೋಳು ಗುಡ್ಡದಾಗೆ, ಒಂದು ಮರ ಕಾಣದ ಕಡೆ, ನಮ್ಮ ಮಾತು ಬರೋರು ಯಾರೂ ಇಲ್ಲದ ಕಡೆ... ನಿನಗೆ ಹೆಂಗೆ ಗೊತ್ತಾಗ್ತದೆ? ನಿನಗೆ ಅಭ್ಯಾಸ.

ನೀನು ಅವಳನ್ನ ಉಳಿಸ್ಕೋಬಾರದಿತ್ತು. ಅಷ್ಟೇ ನಾನು ಹೇಳೋದು. ನಾಳೆ ಕಳಿಸ್ತೀನಿ ಅಂದೆ. ನಾಳೆ ಮೋಡ. ನಾಡಿದ್ದು ಮೋಡ. ಐದು ದಿನ ಒಂದು ವಿಮಾನ ಇಲ್ಲ. ಎದೇಲಿ ನೀರು ತುಂಬ್ತು. ಕೆಳಗೆ ಕರ್ಕೊಂಡು ಹೋದ್ರೆ ಬದುಕ್ತಾಳೆ ಅಂದ್ರಂತೆ ಡಾಕ್ಟ್ರು. ಎಲ್ಲಿಗೆ? ಹೆಂಗೆ? ರಸ್ತೇಲಾದ್ರೆ ಇನ್ನೂ ಎತ್ತರ ಹತ್ತಿ ಇಳೀಬೇಕಂತೆ. ಚಿತೆಗೆ ನೀನೇ ಬೆಂಕಿ ಇಟ್ಟೆ. ನಾನು ಇಲ್ಲಿ ಟೆಲಿಗ್ರಾಂ ಹಿಡ್ಕೊಂಡು, ಓದಿಸೋಕೆ ಒಬ್ಬರನ್ನ ಹುಡುಕ್ತಾ...

ಒಳಗೆ ಪಾತ್ರೆ ಸದ್ದು ನಿಂತೋಯ್ತು. ಕೇಳಿಸ್ಕೊಳ್ತಾ ಅವಳೆ.

ನೋಡು ನಾಗ. ವರ್ಷ ಆಯ್ತು. ಊರು ನಿನ್ನನ್ನ ಏನೇನೋ ಅಂತು. ಹೆತ್ತ ಹೊಟ್ಟೆ ಉರಿಸಿದೋನು ಅಂತ ನಿಮ್ಮವ್ವನ ಮುಂದೇ ಅಂದ್ರು. ನೀನು ಬರೆದ ಕಾಗದ ಜಯಮಾಲಾ ಒಡೀದೇ ಒಲೆಗೆ ಹಾಕಿದ್ಲು. ಆರೋ ಏಳೋ. ಅದ್ರಲ್ಲಿ ಆವತ್ತಿಂದು ಬರೆದಿದ್ಯಾ?

ತಲೆ ಅಲ್ಲಾಡಿಸ್ತೀಯ. ಬರೀಲಿಲ್ಲ. ಒಂದ್ರಲ್ಲೂ?

ಯಾಕೋ ಬರೀಲಿಲ್ಲ! ಬರೀಬೇಕಿತ್ತು! ಬರೆದಿದ್ರೆ ನಾನು ಸುಳ್ಳು ಅಂತಿದ್ದೆ. ಕೂಗಾಡ್ತಿದ್ದೆ. ವರ್ಷದಿಂದ ನಿನ್ನ ಜೊತೆ ಜಗಳಕ್ಕೆ ಕಾಯ್ತಾ ಕೂತಿದೀನಿ ನಾನು. ಕಂಪನೀದು ತಪ್ಪು ಅನ್ನು. ಗಾಳೀದು ತಪ್ಪು ಅನ್ನು. ಇಲ್ಲಾ, ಬಾಯಿ ಬಿಟ್ಟು ಬೈಯಿ! ಹತ್ತು ಮಾರು ದೂರ ಇಲ್ಲ ಅವಳು. ಒಂದು ಮಾತು ಸಾಕು. ಹೆಣ್ಣು ನಿಂದಾಗ್ತದೆ. ನಾನು ತಡೆಯಲ್ಲ. ಹೇಳೋ!

ನೆಲ ನೋಡ್ತೀಯ.

ಭಾಷೆ ತಗೊಂಡ್ಲಾ? ಶೀಲಾವತಿ? ...ಹೂಂ ಅನ್ನಬೇಡ. ಅನ್ನಬೇಡ, ಗೊತ್ತಾಯ್ತು. ಉಸಿರಿಲ್ಲದೆ ಮಲಗಿದ್ದೋಳು... ಮಗಳಿಗೆ ಹೇಳಬೇಡ ಅಂದ್ಲಾ? ಮಗಳಿಗೆ ಇನ್ನು ಅಪ್ಪ ಒಬ್ಬನೇ ಉಳಿಯೋದು ಅಂದ್ಲಾ?

ಆವಾಗಲೂ ನನ್ನನ್ನೇ...

ಅದಕ್ಕೆ ನೀನು ಎಲ್ಲಾ ಹೊತ್ಕೊಂಡೆ. ಹೆಣ್ಣು ಹೋದ್ರೂ ಹೋಗಲಿ ಅಂತ ಕೂತಿದೀಯ.

ನಾನು ನಿನ್ನ ತೋಳು ಹಿಡ್ಕೊಂಡೆ ಆವತ್ತು. ನೆನಪೈತಾ? ಐತೆ, ಮರೆಯೋದಾ ಅದು. ಯಾವ ತಲೆ ಉಳಿದ್ರೂ ಒಂದೇನಾ ಅಂತ ಕೇಳ್ದೆ. ಲೆಕ್ಕಕ್ಕೆ ಒಂದೇ, ಆದ್ರೆ ಅಕ್ಕನಿಗೆ ಕೆಮ್ಮು ಜೋರಾಗೈತೆ ಭಾವ, ಅವಳು ಇವತ್ತೇ ವಿಮಾನದಾಗೆ ಕೆಳಕ್ಕೆ ಹೋಗಲಿ, ನೀವು ಒಂದು ದಿನ ನನ್ನ ಜೊತೆ ಇರಿ ಅಂದೆ. ಎರಡು ಸಲ ಅಂದೆ. ನಾನು ಅವಳ ಕಡೆ ನೋಡ್ದೆ. ಕೇಳಲಿಲ್ಲ. ಬರೀ ನೋಡ್ದೆ. ಇಪ್ಪತ್ತೆರಡು ವರ್ಷ ಬಾಳಿದೋಳು, ಕೇಳೋದೇನು ಬಂತು? ನೀವು ಹೋಗಿ, ನಾಳೆ ಬತ್ತೀನಿ ಅಂದ್ಲು.

ಓಡಿದೆ ಕಣೋ. ಎದೆ ಹಿಡ್ಕೊಂಡಿದ್ದೋನು ಆ ಮೆಟ್ಟಿಲಿಗೆ ಹೆಂಗೆ ಓಡಿದ್ನೋ. ಬೆಲ್ಟು ಯಾರೂ ಕಟ್ಟಲಿಲ್ಲ, ನಾನೇ ಕಟ್ಕೊಂಡೆ. ಕಿಟಕಿಯಿಂದ ನೋಡ್ದೆ ಅಂದ್ನಲ್ಲ, ಅದೂ ಸುಳ್ಳು. ನಾನು ತಿರುಗಿ ನೋಡಲೇ ಇಲ್ಲ.

ಬಿಡು. ನನ್ನ ಬಾಯಿಗೆ ಕೈ ಅಡ್ಡ ಇಡಬೇಡ. ಬಿಡೋ, ಅಂತೀನಿ!

ಜಯಮಾಲಾ... ಬಾ ಹೊರಗೆ. ಬಾರವ್ವ. ಇವನು ಹೇಳಲ್ಲ. ಸತ್ತರೂ ಹೇಳಲ್ಲ. ಚೀಟೀಲಿದ್ದ ಹನ್ನೊಂದನೇ ಹೆಸರು ನಿಮ್ಮವ್ವನದಲ್ಲ.

ನಂದು. ಜಿನಪ್ಪ ಅಂತ ಓದಿದ್ದು ಇವನು.