ಮೊದಲು ಬಾಯಿ ಬಿಟ್ಟವನು

...ನಗಬೇಡ ಅಕ್ಕಾ! ಪೂರ್ತಿ ಕೇಳು ಮೊದ್ಲು. ಆ ಗಿರಾಕಿ ಅಮ್ಮನ ನಡುಮನೆ ತುಂಬಾ ಹಿಟ್ಟು ಚೆಲ್ಲಿದೀನಿ. ಬೇಕಂತಲೇ! ಧೂಳು ಎಳೆಯೋ ಮಷಿನ್ ಮಾರೋನು ಮೊದ್ಲು ಗಲೀಜು ತೋರಿಸ್ಬೇಕಲ್ವಾ? ‘ಈಗ ನೋಡಿ ಚಮತ್ಕಾರ’ ಅಂತ ಸ್ವಿಚ್ ಒತ್ತಿದೆ... ಕರೆಂಟೇ ಹೋಯ್ತು! ಆಯಮ್ಮ ಸೀದಾ ಪೊರಕೆ ತಂದು ಕೈಗೆ ಕೊಟ್ಲು. ಸೋಫಾ ಕೆಳಗೂ ಗುಡಿಸಿಸಿದ್ಲು, ಪುಣ್ಯಾತ್ಗಿತ್ತಿ!

ಸಂಬಳಾನಾ? ಎಲ್ಲಿಯ ಸಂಬಳ! ಮಾರಿದ್ರೆ ಕಮಿಷನ್, ಇಲ್ದಿದ್ರೆ ಗಾಳಿ. ಆದ್ರೂ ರಾಜನ ಥರ ಇದೀನಿ ನೋಡು. ಭಾವನ ಹಾಗೆ ಬೆಳಿಗ್ಗೆ ಎದ್ದು ಓಡ್ಬೇಕಾ, ಸಾಹೇಬ್ರ ಮುಂದೆ ಹಲ್ಲು ಕಿರಿದು ರಜಾ ಕೇಳ್ಬೇಕಾ? ಏನಂದೆ? ಭಾವ ಆಫೀಸಲ್ಲಿ ತೂಕಡಿಸಿದ್ರೂ ಸಂಬಳ ಬರತ್ತೆ... ಹೂಂ, ಅದೊಂದು ನಿಜ. ನಾನು ತೂಕಡಿಸಿದ್ರೆ ಅವತ್ತು ಒಲೇನೂ ತೂಕಡಿಸತ್ತೆ.

ನಿಂಗೇ ಗೊತ್ತಲ್ಲ, ನಂಗೆ ಕೂತಲ್ಲಿ ಕೂರೋಕಾಗಲ್ಲ. ಸ್ಕೂಲ್ ಬೆಂಚೇ ಚುಚ್ಚೋದು. ಈಗ ದಿನಕ್ಕೊಂದು ಬೀದಿ, ಬೀದಿಗೊಂದು ನಾಯಿ! ನಾಯಿಗಳೆಲ್ಲ ಬಾಲ ಅಲ್ಲಾಡಿಸ್ತವೆ. ಬಾಗಿಲು ತೆಗೆಯೋರೇ ಬೊಗಳ್ತಾರೆ.

ಒಂದು ಗುಟ್ಟು ಹೇಳ್ತೀನಿ. ಬೆಲೆ ಹೇಳಿದ್ಮೇಲೆ ಬಾಯಿಗೆ ಬೀಗ! ಗಿರಾಕಿ ಮುಖಾನೇ ನೋಡ್ತಾ ಕೂತಿರ್ಬೇಕು, ಅಷ್ಟೇ. ಯಾರು ಮೊದ್ಲು ಬಾಯಿ ಬಿಡ್ತಾರೋ ಅವ್ರು ಸೋತ ಹಾಗೆ. ಕೊನೆಗೆ ಅವ್ರೇ ತಡೀಲಾರ್ದೆ ‘ಸರಿ, ಇಟ್ಟು ಹೋಗಪ್ಪಾ’ ಅಂತಾರೆ. ನಾನಂತೂ ಕಲ್ಲು!

ಏಯ್, ಬ್ಯಾಗ್ ಯಾಕೆ ಒತ್ತಿ ನೋಡ್ತೀಯಾ? ಮಷಿನ್ನೇ ಇರೋದು. ಮೆತ್ತಗಿದೆಯಾ? ಅದು... ಪೈಪು. ಹೊಸಾ ಥರದ್ದು, ಮೆತ್ತಗಿರತ್ತೆ.

ಈಗ್ಲೇ ತೋರಿಸ್ಬೇಕಾ? ನಿಮ್ಮನೇಲಿ ಧೂಳೆಲ್ಲಿದೆ ತಾಯಿ, ಕನ್ನಡಿ ಇದ್ದ ಹಾಗಿದೆ ನೆಲ! ಹಿಟ್ಟು ತರ್ತೀಯಾ? ಬೇಡ ಬೇಡ, ಕೂತ್ಕೋ...

ಯಾಕೆ ಸುಮ್ನಾದೆ?

ಅಕ್ಕಾ?

ಓಹೋ! ನನ್ನ ವಿದ್ಯೆ ನನ್ಮೇಲೇನಾ? ನಾನು ಕಲ್ಲು ಅಂದಿಲ್ವಾ? ನೋಡೇಬಿಡೋಣ...

...

ನಿಮ್ಮ ನಲ್ಲಿ ತೊಟ್ಟಿಕ್ತಾ ಇದೆ. ಭಾವಂಗೆ ಹೇಳು. ಅಲ್ಲ, ಇದು ಲೆಕ್ಕಕ್ಕಿಲ್ಲ, ನಲ್ಲಿ ವಿಷ್ಯ...

...

ಹಾಗೆ ನೋಡ್ಬೇಡ ಅಕ್ಕಾ. ನಾನು ಚಿಕ್ಕವನಿದ್ದಾಗ್ಲೂ ನೀನು ಹೀಗೇ ನೋಡ್ತಿದ್ದೆ...

ಬಟ್ಟೆ. ಬ್ಯಾಗಲ್ಲಿರೋದು ನನ್ನ ಬಟ್ಟೆ. ಮಷಿನ್ ಕಂಪನಿಯೋರು ವಾಪಸ್ ಇಸ್ಕೊಂಡ್ರು... ಎಷ್ಟು ಸುತ್ತಿದ್ರೂ ಒಂದೂ ಹೋಗ್ಲಿಲ್ಲ. ಬಾಡಿಗೆ ರೂಮೂ ಬಿಡಿಸಿದ್ರು. ಸುಮ್ನೆ ನಿನ್ನ ನೋಡೋಕೆ ಬಂದೆ ಅಂದ್ನಲ್ಲ, ಸುಳ್ಳು. ಬೇರೆ ಕೆಲಸ ಸಿಗೋವರೆಗೂ ನಡುಮನೆ ಮೂಲೇಲಿ ಒಂದು ಚಾಪೆ ಹಾಕಿದ್ರೆ ಸಾಕು. ಭಾವ ಏನಂತಾರೋ ಅಂತ...

ಎಲ್ಲಿಗೆ ಎದ್ದೆ? ಅಕ್ಕಾ, ಬೇಡ ಅಂದ್ರೆ ಬೇಡ ಅಂತ ಬಾಯ್ಬಿಟ್ಟು ಹೇಳು...

ಇದ್ಯಾಕೆ? ಪೊರಕೆ ಯಾಕೆ ಕೊಡ್ತಿದೀಯಾ?

ಒಳಗಿನ ರೂಮಾ... ನಂಗಾ?

ಮಂಚದ ಕೆಳಗೂ ಗುಡಿಸ್ಬೇಕಾ, ಪುಣ್ಯಾತ್ಗಿತ್ತಿ?