ಲಲ್ಲಾ ದೂಜಾರ ಬಾಗಿಲಿಗೊಂದು ಕೆಂಪು-ಹಸಿರು ದೀಪ

ಮಾನ್ಯ ಅಧ್ಯಕ್ಷರೇ, ನಮ್ಮನ್ನು ಬಿಟ್ಟು ಗಾಬೆಸ್‌ಗೆ ಹೊರಟಿರುವ ಗುರುಗಳಾದ ರಾದಿಯಾ ಮೇಡಂ ಅವರೇ, ಬಿಜೆರ್ತ ಊರಿನ ಈ ಸಂಜೆ ಎಲೆಕ್ಟ್ರಾನಿಕ್ಸ್ ತರಗತಿಯ ಗೆಳೆಯರೇ, ನಾನು ಕರಿದ ಬಂಬಲೂನಿ ತಿಂದು ಮೀಸೆಗೆ ಸಕ್ಕರೆ ಮೆತ್ತಿಕೊಂಡು ಕುಳಿತಿರುವ ಸಭಿಕರೇ,

ಎಣ್ಣೆಯಲ್ಲಿ ಹಿಟ್ಟು ಕರಿಯುವ ಈ ಹಸೂನಾನಿಗೆ ಎಲೆಕ್ಟ್ರಾನಿಕ್ಸ್ ಏಕೆ ಬೇಕಾಯಿತು? ತಮ್ಮ ಕೇಳಿದ, ಮಗಳು ಕೇಳಿದಳು, ಹಾಲಿನವನೂ ಕೇಳಿದ. ಜ್ಞಾನದಾಹ ಎಂದೆ. ಯಾರೂ ನಂಬಲಿಲ್ಲ.

ನಿಜ ಸಂಗತಿ ಬೇರೆ. ನಮ್ಮ ಕಟ್ಟಡದಲ್ಲಿ ನನ್ನ ಎದುರು ಮನೆಯ ಲಲ್ಲಾ ದೂಜಾ ಮದುವೆಯ ಉಡುಪುಗಳನ್ನು ಹೊಲಿಯುತ್ತಾರೆ. ನಾನು ಹೆಂಡತಿಯನ್ನು ಕಳೆದುಕೊಂಡವನು, ಅವರು ಗಂಡನನ್ನು. ಬಿಸಿ ಬಂಬಲೂನಿ ಹಿಡಿದು ಬಾಗಿಲು ಬಡಿದರೆ ತೆರೆಯುತ್ತಿರಲಿಲ್ಲ. ಮುನಿಸೇನೋ ಎಂದು ನೊಂದೆ. ಒಮ್ಮೆ ಮೆಟ್ಟಿಲಲ್ಲಿ ಹಿಂದಿನಿಂದ ಕರೆದೆ, ತಿರುಗಲಿಲ್ಲ. ಮುಂದೆ ಹೋಗಿ ನಿಂತೆ, ನಗುತ್ತಾ ಮಾತಾಡಿಸಿದರು. ಕಿವಿ ಮಂದವಾಗಿದೆ ಎಂದು ಆಗ ತಿಳಿಯಿತು.

ಹೊರಗೆ ಗುಂಡಿ ಒತ್ತಿದರೆ ಒಳಗೆ ಬಣ್ಣ ಬದಲಾಯಿಸುವ ದೀಪವೊಂದು ಬೇಕು, ಹೊಲಿಗೆಯಲ್ಲಿ ಮುಳುಗಿದವರ ಕಣ್ಣಿಗೂ ಬೀಳಬೇಕು. ಅದಕ್ಕೇ ಇಲ್ಲಿ ಸೇರಿದೆ.

"ನೋಡಿ ಚಿಕ್ಕಪ್ಪ, ಈ ಎಲ್‌ಇಡಿಗೆ ಎರಡೇ ಕಾಲು. ಕರೆಂಟು ಈ ಕಡೆಯಿಂದ ಹರಿದ್ರೆ ಹಸಿರು, ಆ ಕಡೆಯಿಂದ ಹರಿದ್ರೆ ಕೆಂಪು. ದಿಕ್ಕು ಬದಲಾಯಿಸೋ ಕೆಲಸ ಈ ಟೈಮರ್‌ದು" ಎಂದರು ಮೇಡಂ.

ಜೋಡಿಸಿದೆ. ಹಳದಿ ಬಂತು.

"ಎರಡು ಬಣ್ಣ ಅಂದ್ರಲ್ಲ, ಮೂರನೇದು ಎಲ್ಲಿಂದ ಬಂತು?"

"ಕೆಪಾಸಿಟರ್ ತೀರಾ ಚಿಕ್ಕದು ಹಾಕಿದ್ದೀರಿ. ಬಣ್ಣ ಬದಲಾಗೋ ವೇಗಕ್ಕೆ ಎರಡೂ ಬೆರೆತು ಕಾಣ್ತಿದೆ. ಏನಿಷ್ಟು ಅವಸರ ನಿಮಗೆ?"

ತರಗತಿ ನಕ್ಕಿತು. ದೊಡ್ಡದು ಹಾಕಿದೆ. ಕೆಂಪು. ಹಸಿರು. ಕೆಂಪು. ಹಸಿರು. ಮೊಮ್ಮಕ್ಕಳಿರುವ ಗಂಡಸು ಕುಣಿದದ್ದನ್ನು ನೀವೇ ಕಂಡಿದ್ದೀರಿ.

ದೀಪ ಒಯ್ದು ಕೊಟ್ಟರೆ ಲಲ್ಲಾ ದೂಜಾರ ಮುಖ ಬಾಡಿತು.

"ನನಗೆ ಕೇಳ್ಸಲ್ಲ ಅಂತ ಊರಿಗೆಲ್ಲ ಗೊತ್ತಾಗ್ಲಿ ಅಂತಾನಾ? ಗಿರಾಕಿಗಳು ಇದನ್ನ ನೋಡಿದ್ರೆ, ಇವಳಿಗೆ ಅಳತೆ ಹೇಳೋದು ಹೇಗೆ ಅಂತ ಬೇರೆ ಕಡೆ ಹೋಗ್ತಾರೆ."

ಇದು ನನಗೆ ಹೊಳೆದಿರಲೇ ಇಲ್ಲ. "ಹಸೂನಾಗೆ ಹುಚ್ಚು, ಎಲ್ಲರ ಮನೆಗೂ ಹಾಕ್ತಾನೆ ಅಂದುಬಿಡಿ" ಎಂದು ದೀಪವನ್ನು ಅವರ ಕೈಯಲ್ಲೇ ಬಿಟ್ಟು ಬಂದೆ. ಅವರು ಸುಳ್ಳುಗಾತಿ ಆಗಬಾರದಲ್ಲ? ಕಟ್ಟಡದ ಮನೆಮನೆಗೂ ದೀಪ ಮಾಡಿ ಹಾಕಿದೆ. ಬೇಡವೆಂದವರಿಗೂ ಹಾಕಿದೆ. ಕಟ್ಟಡದಲ್ಲಿ ಕಿವಿ ಚುರುಕಾಗಿರುವವರೂ ದೀಪ ನೋಡಿಯೇ ಬಾಗಿಲು ತೆರೆಯತೊಡಗಿದರು.

ಒಂದು ಬೆಳಿಗ್ಗೆ ಎದುರು ಬಾಗಿಲಲ್ಲೂ ಗುಂಡಿ ಕಂಡಿತು. ಒತ್ತಿದೆ. ಬಾಗಿಲು ತೆರೆಯಿತು.

"ಎಲ್ಲರ ಮನೇಲೂ ಇದೆ, ನಮ್ಮಲ್ಲಿಲ್ಲ ಅಂದ್ರೆ ಚೆನ್ನಾಗಿರಲ್ಲ" ಎಂದರು.

ಅವರು ಈಗ ಮೂರನೇ ಸಾಲಿನಲ್ಲಿದ್ದಾರೆ. ಇದನ್ನೆಲ್ಲ ಹೇಳಲು ಒಪ್ಪಿಗೆ ಕೊಟ್ಟವರೂ ಅವರೇ. ತುಟಿ ನೋಡಿ ಮಾತು ತಿಳಿಯುತ್ತಾರೆ. ನಾನು ಅತ್ತ ಕಡೆಯೇ ಮುಖ ಮಾಡಿ ಮಾತಾಡುತ್ತಿರುವುದನ್ನು ಉಳಿದವರು ಮನ್ನಿಸಬೇಕು.

ಕಳೆದ ವಾರ ಅವರ ಹೊಸ್ತಿಲಲ್ಲಿ ನಿಂತು, "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿದೆ.

"ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ."

ಹೇಳಿದೆ.

"ಸ್ವಲ್ಪ ನಿಧಾನವಾಗಿ."

ಬೆವರುತ್ತಾ ಮತ್ತೆ ಹೇಳಿದೆ. ಆಗ ನಕ್ಕುಬಿಟ್ಟರು. "ಮೊದಲ್ನೇ ಸಲಾನೇ ಗೊತ್ತಾಯ್ತು ಹಸೂನಾ. ನೀವು ಹೇಳೋದು ನೋಡೋಕೆ ಚೆನ್ನಾಗಿತ್ತು, ಅದಕ್ಕೇ ಮತ್ತೆ ಹೇಳಿಸಿದೆ."

ಮೇಡಂ, ಗಾಬೆಸ್ ದೂರವಾದರೂ ಮದುವೆಗೆ ಬರಲೇಬೇಕು. ಕಲಿಸಿದ ನಿಮಗೂ, ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.